ಕೋಲು ಮಲಗಿಸುವ ಹೊತ್ತು

ಒಂದು ಮನೆ ಇತ್ತಂತೆ, ಆ ಮನೆಯೊಳಗೆ ಒಂದು ಮೆಟ್ಟಿಲಸಾಲು ಇತ್ತಂತೆ. ಮೇಲ್ತುದಿಯಲ್ಲಿ ಒಬ್ಬ ಮುದಿ ರಾಣಿ, ಕೆಳತುದಿಯಲ್ಲಿ ಒಂದು ಕರಡಿ. ರಾಣಿಗೆ ಇಳಿಯುವಷ್ಟು ಉಸಿರಿಲ್ಲ, ಕರಡಿಗೆ ಹತ್ತುವಷ್ಟು ಎದೆಯಿಲ್ಲ. ನಡುವೆ ಬೆಂಕಿಯ ನದಿ ಇರಲಿಲ್ಲ, ಏಳು ಹೆಡೆಯ ಹಾವೂ ಇರಲಿಲ್ಲ. ಸವೆದ ಮರದ ಹಲಗೆಗಳು, ಒಂದು ತಿರುವು, ಹಿಡಿದು ಹಿಡಿದು ನುಣುಪಾದ ಒಂದು ಕೈಹಿಡಿ, ಇಷ್ಟೇ. ಆದರೂ ರಾಣಿಯ ಕೈ ಕರಡಿಯ ತಲೆ ಮುಟ್ಟಿ ಎಷ್ಟೋ ದಿನವಾಗಿತ್ತಂತೆ.

ಅಜ್ಜಿ ಹೇಳಿದ್ದರೆ ಹೀಗೆ ಶುರುಮಾಡುತ್ತಿದ್ದಳು. ಅಷ್ಟು ಹೇಳಿ, ಒಂದು ಹೊಲಿಗೆ ಹಾಕಿ, ದಾರ ಎಳೆದು, ನಾನು ಕೇಳುತ್ತಿದ್ದೇನೋ ಇಲ್ಲವೋ ಎಂದು ಕನ್ನಡಕದ ಮೇಲಿನಿಂದ ನೋಡುತ್ತಿದ್ದಳು. ಹಾಸಿಗೆಯ ಆ ಅಂಚಿಗೆ ಅವಳು, ಈ ಅಂಚಿಗೆ ನಾನು, ಇಬ್ಬರ ಕೈಯಲ್ಲೂ ದಬ್ಬಳ. ನನ್ನ ಬಾಲ್ಯವೆಲ್ಲ ಕಳೆದದ್ದು ಹಾಗೆಯೇ. ದಾರ ಮುಗಿದಲ್ಲಿಗೆ ಕಥೆ ನಿಲ್ಲುತ್ತಿತ್ತು. ರಾಜಕುಮಾರ ಬಾವಿಯೊಳಗೆ ಬಿದ್ದಿದ್ದರೂ ಸರಿಯೇ, ಅಜ್ಜಿ ಹೊಸ ದಾರ ಪೋಣಿಸುವ ತನಕ ಅವನು ಬಾವಿಯಲ್ಲೇ ಇರಬೇಕು.

ಈ ಸಲ ರಾಣಿ ಅಜ್ಜಿಯೇ ಆಗಿದ್ದಳು. ಹಾಗಾಗಿ ದಬ್ಬಳವೂ ಕಥೆಯೂ ನನ್ನ ಕೈಗೆ ಬಂದವು.

ನಮ್ಮದು ಹಾಸಿಗೆ ಮಾಡುವ ಅಂಗಡಿ. ಕೆಳಗೆ ಕೆಲಸ, ಮೇಲೆ ಮನೆ. ಕೆಳಗೆ ಹತ್ತಿ ಹಿಂಜುವ ಯಂತ್ರ, ಹೊಲಿಯುವ ಉದ್ದದ ಮೇಜು, ಮೂಲೆಯಲ್ಲಿ ಮೋಡ ಕುಸಿದು ಬಿದ್ದ ಹಾಗೆ ಹತ್ತಿಯ ರಾಶಿ. ಎಷ್ಟು ಗುಡಿಸಿದರೂ ಗಾಳಿಯಲ್ಲಿ ಬಿಳಿಯ ನವಿರು ತೇಲುತ್ತಲೇ ಇರುತ್ತದೆ. ಬಾಗಿಲಿಂದ ಬಿಸಿಲು ಬಿದ್ದಾಗ ಅದು ಎಷ್ಟು ಚೆಂದ ಎಂದರೆ ನಾನು ಸೂಜಿ ಬಿಟ್ಟು ನೋಡುತ್ತ ಕೂರುತ್ತಿದ್ದೆ. "ನೋಡಿ, ಮಹಾರಾಣಿ ಸೂಜೀಲಿ ಕನಸು ಪೋಣಿಸ್ತಾ ಇದ್ದಾಳೆ," ಎಂದು ಚಿಕ್ಕಮ್ಮ ಚುಚ್ಚುತ್ತಿದ್ದಳು. ಆ ಚೆಂದವೇ ವರ್ಷಗಟ್ಟಲೆ ಅಜ್ಜಿಯ ಎದೆಯೊಳಗೆ ಇಳಿದು ಕೂತಿತ್ತು. ಒಂದು ದಿನ ಅವಳು ಮೇಜಿನ ಮೇಲೆ ತಲೆಯಿಟ್ಟವಳು ಉಸಿರು ಎಳೆಯಲು ಒದ್ದಾಡಿದಳು. ಹತ್ತಿಯ ಧೂಳಿನ ಹತ್ತಿರವೂ ಇರಕೂಡದೆಂದು ಡಾಕ್ಟರು ಹೇಳಿದರು. ಕುರ್ಚಿಯಲ್ಲಿ ಕೂರಿಸಿ ಮೇಲೆ ಒಯ್ದೆವು. ಮೆಟ್ಟಿಲ ತಿರುವಿನಲ್ಲೇ ಅವಳಿಗೆ ಪ್ರಜ್ಞೆ ತಪ್ಪಿತು. ಇನ್ನು ಇವರನ್ನು ಅಲುಗಿಸಬೇಡಿ ಎಂದುಬಿಟ್ಟರು ಡಾಕ್ಟರು.

ಕೆಳಗೆ ಉಳಿದದ್ದು ಗಾದಿ.

ಗಾದಿ ಎಂದರೆ ನಮ್ಮ ನಾಯಿ. ಯಾರೋ ಹಳೆಯ ಗಾದಿಯೊಂದನ್ನು ಹಿಂಜಿ ಹೊಸದು ಮಾಡಿಕೊಡಿ ಎಂದು ತಂದುಹಾಕಿ ಹೋಗಿದ್ದರು. ಹೊಲಿಗೆ ಬಿಚ್ಚಿದರೆ ಒಳಗೆ ಹತ್ತಿಯ ಗೂಡು, ಗೂಡಿನಲ್ಲಿ ಆಗಷ್ಟೇ ಕಣ್ಣು ಬಿಟ್ಟ ಮರಿ. ಯಾವುದೋ ತಾಯಿನಾಯಿ ಬದಿಯ ಹರುಕಿನಿಂದ ನುಗ್ಗಿ ಹೆತ್ತಿರಬೇಕು. "ಇದನ್ನೂ ಹಿಂಜಿ ಕೊಡ್ಬೇಕಾ?" ಎಂದು ಕೇಳಿದ್ದ ಚಿಕ್ಕಪ್ಪ. ಗಾದಿಯವರಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ಅಜ್ಜಿ ಮರಿಯನ್ನು ಸೆರಗಿಗೆ ಹಾಕಿಕೊಂಡು, "ಗಾದೀಲಿ ಹುಟ್ಟಿದೋನು ಗಾದಿ," ಎಂದಳು. ಹೆಸರಿನ ಗುಣವೋ ಏನೋ, ಬೆಳೆದ ಬೆಳೆದ, ಕರುವಿನಷ್ಟು ಎತ್ತರ ಬೆಳೆದ. ಬಂದ ಗಿರಾಕಿಗಳು ಮೂಲೆಯಲ್ಲಿ ಮಲಗಿದ್ದ ಅವನನ್ನು ಕಂಡು, "ಇದು ಒಂಟಿ ಮಂಚದ್ದಾ, ಜೋಡಿ ಮಂಚದ್ದಾ?" ಎಂದು ಕೇಳುವುದು ಅಂಗಡಿಯ ಮಾಮೂಲಿ ತಮಾಷೆಯಾಗಿತ್ತು.

ಅಷ್ಟು ದೊಡ್ಡ ಪ್ರಾಣಿ ಮೆಟ್ಟಿಲು ಕಂಡರೆ ನಡುಗುತ್ತಿತ್ತು. ಮೊದಲ ಮೆಟ್ಟಿಲ ತನಕ ಬರುತ್ತಿದ್ದ, ಅಲ್ಲಿಗೆ ಅವನ ಲೋಕ ಮುಗಿಯುತ್ತಿತ್ತು. ಇಷ್ಟು ವರ್ಷ ಅದು ಯಾರಿಗೂ ತೊಂದರೆಯಾಗಿರಲಿಲ್ಲ. ಹಗಲೆಲ್ಲ ಅಜ್ಜಿ ಕೆಳಗೇ ಇರುತ್ತಿದ್ದಳು, ರಾತ್ರಿಯ ನಿದ್ದೆಗೆ ಮಾತ್ರ ಮೇಲೆ. ಈಗ ಅವಳು ಮೇಲೆ ಹೋದವಳು ಇಳಿಯಲೇ ಇಲ್ಲ. ಗಾದಿ ಮೆಟ್ಟಿಲ ಬುಡದಲ್ಲಿ ಗದ್ದವೂರಿ ಮಲಗಿದ. ಅನ್ನ ಹಾಕಿದರೆ ಮೂಸಿ ಮುಖ ತಿರುಗಿಸಿದ. ಕೆಲವೇ ದಿನಗಳಲ್ಲಿ ಅವನ ಪಕ್ಕೆಲುಬುಗಳು ಎಣಿಸುವಂತೆ ಎದ್ದು ಕಂಡವು.

ಅಜ್ಜಿಯ ಉಸಿರು ದಿನದಿನಕ್ಕೂ ಗಿಡ್ಡವಾಗುತ್ತಿತ್ತು. ಕೂಗಿ ಕರೆಯಲು ಆಗುತ್ತಿರಲಿಲ್ಲ. ತನ್ನ ಕೋಲನ್ನು ಮಂಚದ ಪಕ್ಕದಲ್ಲೇ ಇರಿಸಿಕೊಂಡು, ಬೇಕಾದಾಗ ನೆಲದ ಹಲಗೆಗೆ 'ಟಕ್' ಎಂದು ಕುಟ್ಟುತ್ತಿದ್ದಳು. ಚಿಕ್ಕಮ್ಮನೋ ನಾನೋ ಓಡುತ್ತಿದ್ದೆವು. ಆ ಕೋಲು ಅಂಗಡಿಯದು. ಹಾಸಿಗೆಗೆ ಹತ್ತಿ ತುಂಬಿದ ಮೇಲೆ ಒಳಗಿನ ಗಂಟು ಒಡೆದು ಸಮ ಮಾಡಲು ಬಡಿಯುವ ಉದ್ದನೆಯ ಕೋಲು. ಅಜ್ಜಿಯದ್ದು ಅವಳ ಅಂಗೈ ಹಿಡಿತಕ್ಕೆ ತಕ್ಕಂತೆ ಸವೆದು ಹೋಗಿತ್ತು.

ಡಾಕ್ಟರು ಬಂದು ಹೋದ ಒಂದು ಮಧ್ಯಾಹ್ನ ಚಿಕ್ಕಮ್ಮ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಪಾತ್ರೆ ತೊಳೆಯುವ ನೀರು ಸುಮ್ಮನೆ ಹರಿಯುತ್ತಿತ್ತು. "ಹತ್ತಿರದವರಿಗೆ ಹೇಳಿಬಿಡಿ ಅಂದ್ರು ಕಣೇ," ಎಂದಳು, ತಿರುಗದೆ.

ಅದು ಅಜ್ಜಿಗೂ ಕೇಳಿಸಿತ್ತು. ನಾನು ಹೋಗಿ ಕೂತಾಗ ನಕ್ಕಳು.

"ಹತ್ತಿರದೋರೆಲ್ಲ ಮೇಲೇ ಇದ್ದೀರಿ," ಎಂದಳು, ಒಂದೊಂದು ಮಾತಿಗೂ ನಿಂತು ನಿಂತು. "ಒಬ್ಬ ಮಾತ್ರ ಕೆಳಗೆ ಉಳ್ಕೊಂಡ."

ಚಿಕ್ಕಪ್ಪನಿಗೆ ಅಷ್ಟೇ ಸಾಕಾಯಿತು. ಅವನೂ ಎದುರಂಗಡಿಯ ಬಡಗಿಯೂ ಸೇರಿ ಗಟ್ಟಿ ಬಟ್ಟೆಯೊಂದನ್ನು ಜೋಲಿ ಮಾಡಿ ಗಾದಿಯನ್ನು ಅದರಲ್ಲಿ ಎತ್ತಿದರು. ಅವರು ಮೆಟ್ಟಿಲ ಮೇಲೆ ಕಾಲಿಡುತ್ತಲೇ ಗಾದಿ ಹೊರಳಾಡಿದ. ಅವನು ಹಾಗೆ ಕೂಗಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಮರಿಯಾಗಿದ್ದಾಗಲೂ ಕೂಗಿದವನಲ್ಲ. ಬಡಗಿಯ ಮೊಣಕೈ ಗೋಡೆಗೆ ತರಚಿತು, ಜೋಲಿ ಜಾರಿತು, ಗಾದಿ ಬಿದ್ದವನು ಎದ್ದು ಯಂತ್ರದ ಹಿಂದಕ್ಕೆ ನುಗ್ಗಿ ಅಡಗಿದ.

ಮೇಲಿನಿಂದ 'ಟಕ್ ಟಕ್ ಟಕ್' ಎಂದು ಕೋಲು ಕುಟ್ಟಿತು. ನಾನು ಓಡಿದೆ.

"ಎಳೀಬೇಡಿ ಅವನ್ನ," ಅಜ್ಜಿ ಏದುಸಿರು ಬಿಡುತ್ತಿದ್ದಳು. "ಹೊರೋದೂ ಬೇಡ. ಅವನೇ ಬರ್ಬೇಕು. ಬಂದ್ರೆ ಬರ್ಲಿ."

"ಬರ್ತಾನೆ ಅಜ್ಜಿ. ನಾನು ಕಲಿಸ್ತೀನಿ."

"ಮಾತು ಕೊಡ್ತೀಯಾ?"

"ಕೊಟ್ಟೆ."

ಕಥೆಗಳಲ್ಲಿ ಹುಡುಗಿಯರು ಹೀಗೆಯೇ ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಡುತ್ತಾರೆ. ನನಗೆ ನಾಯಿಗಳ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹತ್ತಿಯ ಬಗ್ಗೆ. ನಮ್ಮ ಮನೆಯಲ್ಲಿ ಯಾವ ಕಷ್ಟಕ್ಕೂ ಹತ್ತಿಯೇ ಮದ್ದು. ಬಾಗಿಲು ಬಡಿದರೆ ಅದಕ್ಕೊಂದು ದಿಂಬು, ಕುರ್ಚಿ ಕುಂಟಿದರೆ ಕಾಲಡಿಗೊಂದು ಮೆತ್ತೆ, ಪಕ್ಕದ ಮನೆಯವರು ಮುನಿಸಿಕೊಂಡರೆ ಅವರಿಗೊಂದು ತಲೆದಿಂಬು. ಆದ್ದರಿಂದ ಚಿಕ್ಕಪ್ಪ, "ಪಾಪ, ಗಟ್ಟಿ ಹಲಗೆ. ಪಾದ ನೋಯುತ್ತೆ ಅನ್ಸುತ್ತೆ," ಎಂದಾಗ ಅದು ನನಗೂ ಸರಿಯೆನ್ನಿಸಿತು. ಇಬ್ಬರೂ ಕೂತು ಒಂದೊಂದು ಮೆಟ್ಟಿಲಿಗೂ ಒಂದೊಂದು ಪುಟ್ಟ ಮೆತ್ತೆ ಹೊಲಿದೆವು. ನಡುನಡುವೆ ಗುಂಡಿ ಕೂರಿಸಿ, ಅಂಚಿಗೆ ದಪ್ಪ ಹೊಲಿಗೆ ಹಾಕಿ, ಮೇಲ್ತುದಿಯವರೆಗೂ ಬಿಗಿದೆವು. ಮೆಟ್ಟಿಲು ನಿದ್ದೆ ಹೋದ ಹಾಗೆ ಕಾಣುತ್ತಿತ್ತು.

ಗಾದಿ ಬಂದ. ಮೂಸಿದ. ಬಲಗಾಲನ್ನು ಮೊದಲ ಮೆತ್ತೆಯ ಮೇಲಿಟ್ಟ. ಕಾಲು ಒಳಕ್ಕೆ ಇಳಿಯಿತು. ನೆಲವೇ ಬಾಯಿ ತೆರೆದ ಹಾಗೆ ಅವನು ಹಿಂದಕ್ಕೆ ಹಾರಿದ. ಆಮೇಲೆ ಆ ಇಡೀ ದಿನ ಮೆಟ್ಟಿಲ ಕಡೆ ತಲೆ ಹಾಕಲಿಲ್ಲ.

ಸಂಜೆ ಚಿಕ್ಕಮ್ಮ ಗಂಜಿಯ ಬಟ್ಟಲು ಹಿಡಿದು ಹತ್ತುವಾಗ ಮೆತ್ತೆ ಜಾರಿ ಕೈಹಿಡಿಗೆ ಜೋತುಬಿದ್ದಳು. ಗಂಜಿಯೆಲ್ಲ ಗೋಡೆಯ ಪಾಲು.

"ರೀ, ನಿಮ್ಮ ನಾಯಿ ಮೇಲಕ್ಕೆ ಹೋಗೋದು ಆಮೇಲಾಗ್ಲಿ," ಎಂದಳು ಉರಿದುಕೊಂಡು. "ಅದಕ್ಕೂ ಮುಂಚೆ ನಾನು ಹೋಗ್ತೀನಿ ಮೇಲಕ್ಕೆ, ಒಂದೇ ಸಲ!"

"ಲೇ, ಬಿದ್ದಿದ್ರೂ ಪೆಟ್ಟಾಗ್ತಿರ್ಲಿಲ್ಲ ಬಿಡು. ಒಳ್ಳೇ ಹತ್ತಿ ಅದು," ಎಂದ ಚಿಕ್ಕಪ್ಪ.

ಚಿಕ್ಕಮ್ಮನಿಗೆ ಗಾದಿ ಮೇಲೆ ಬರುವುದೇ ಇಷ್ಟವಿರಲಿಲ್ಲ. ಅತ್ತೆಯ ಉಸಿರಾಟಕ್ಕೆ ಇದರ ಕೂದಲೊಂದು ಬಾಕಿ ಎನ್ನುತ್ತಿದ್ದಳು. ಅವಳು ದಿನಕ್ಕೆ ಎಷ್ಟೋ ಸಲ ಆ ಕೋಣೆಯ ನೆಲ ಒರೆಸಿ, ಒಂದು ಎಳೆ ಹತ್ತಿಯೂ ಸುಳಿಯದಂತೆ ಕಾಯುತ್ತಿದ್ದಳು. ಬಯ್ಯುತ್ತ ಬಯ್ಯುತ್ತಲೇ ಅಜ್ಜಿಯ ಬೆನ್ನು ನೀವುತ್ತಿದ್ದಳು. ಅವಳ ಮಾತಿಗೆ ಎದುರಾಡುವುದು ನನಗೆ ಕಷ್ಟವಾಗುತ್ತಿತ್ತು. ಆದರೆ ಡಾಕ್ಟರೇ ಅವಳನ್ನು ಪಕ್ಕಕ್ಕೆ ಕರೆದು, "ಇನ್ನು ಯಾವುದನ್ನೂ ಬೇಡ ಅನ್ನಬೇಡಿಮ್ಮ. ಕೇಳಿದ್ದು ಕೊಡಿ," ಎಂದಿದ್ದರು. ಅಂದಿನಿಂದ ಅವಳು ಬಾಯಲ್ಲಿ ಬೇಡವೆಂದರೂ ದಾರಿಗೆ ಅಡ್ಡ ಬರಲಿಲ್ಲ.

ನಾನು ಪಶುವೈದ್ಯೆಯನ್ನು ಕರೆತಂದೆ. ಆಕೆ ನೆಲದ ಮೇಲೇ ಕೂತು ಗಾದಿಯ ಕಾಲಿನ ಒಂದೊಂದು ಕೀಲನ್ನೂ ಒತ್ತಿ, ಮಡಿಸಿ, ಚಾಚಿ ನೋಡಿದರು. ಸೊಂಟ ತಡವಿದರು. ಕಣ್ಣಿಗೆ ದೀಪ ಬಿಟ್ಟರು.

"ಮೈಯಲ್ಲಿ ಏನೂ ದೋಷ ಇಲ್ಲ. ಯಾವಾಗಲಾದ್ರೂ ಮೆಟ್ಟಿಲಿಂದ ಬಿದ್ದಿದ್ನಾ?"

"ಹತ್ತಿದ್ರೆ ತಾನೇ ಬೀಳೋದು!" ಎಂದ ಚಿಕ್ಕಪ್ಪ.

ಆಕೆ ನಮ್ಮ ಮೆತ್ತೆ ಹೊದ್ದ ಮೆಟ್ಟಿಲನ್ನು ಬಹಳ ಹೊತ್ತು ನೋಡಿದರು. ನಗು ತಡೆದುಕೊಂಡರೆಂದು ಕಾಣುತ್ತದೆ. "ಇದನ್ನೆಲ್ಲ ಮೊದಲು ಕಿತ್ತುಹಾಕಿ. ಹೆಜ್ಜೆ ಇಟ್ಟ ಕಡೆ ನೆಲ ಕುಸಿದ್ರೆ ಯಾರಿಗೆ ತಾನೇ ಧೈರ್ಯ ಬರುತ್ತೆ? ಬರೀ ಮರ ಇರ್ಲಿ. ಜೊತೇಲಿ ಕೂತ್ಕೊಳ್ಳಿ, ಅವಸರ ಮಾಡ್ಬೇಡಿ, ತಳ್ಳಬೇಡಿ." ಹೊರಡುವಾಗ ಬಾಗಿಲಲ್ಲಿ ನಿಂತು ನನಗೆ ಮಾತ್ರ ಹೇಳಿದರು: "ಕಾಲು ನೋಡ್ತಾ ಕೂರಬೇಡಮ್ಮ, ಕಿವಿ ನೋಡು. ಅವನಿಗೆ ಭಯ ಯಾವ ಕ್ಷಣಕ್ಕೆ ಬರುತ್ತೆ ಅನ್ನೋದನ್ನ ಕಿವಿ ಹೇಳುತ್ತೆ."

ಮೆತ್ತೆಗಳನ್ನು ಒಂದೊಂದಾಗಿ ಬಿಚ್ಚಿದೆ. ಕೊನೆಯದನ್ನು, ಎಂದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನದನ್ನು ಎತ್ತಿದಾಗ ಹಲಗೆಯ ಬಲಮೂಲೆಯಲ್ಲಿ ಒಂದು ಕುಳಿ ಕಂಡಿತು. ಹೆಬ್ಬೆರಳು ಕೂರುವಷ್ಟು ಗುಂಡಗೆ, ನುಣ್ಣಗೆ. ಅದು ಹೊಸದಲ್ಲ. ಎಷ್ಟೋ ವರ್ಷದಿಂದ ಅಲ್ಲಿಯೇ ಇದ್ದದ್ದು. ಮೆಟ್ಟಿಲು ತೊಳೆದಾಗ ಅದರಲ್ಲಿ ನೀರು ನಿಂತರೆ ನಾನು ಅದನ್ನು ಇರುವೆಗಳ ಕೆರೆ ಎನ್ನುತ್ತಿದ್ದೆ. ಅದರೊಳಗೆ ಬೆರಳಿಟ್ಟು ಆಡಿಸಿ, ಎಂದಿನಂತೆ ಏನೋ ಯೋಚಿಸುತ್ತ, ಮರೆತೆ.

ಅಂದಿನಿಂದ ಅಂಗಡಿಯ ಕೆಲಸದ ನಡುವೆ ಬಿಡುವಾದಾಗಲೆಲ್ಲ ನಾನು ಗಾದಿಯ ಪಕ್ಕದಲ್ಲಿ ಮೆಟ್ಟಿಲ ಬುಡದಲ್ಲಿ ಕೂತೆ. ಕೂತು ಏನು ಮಾಡುವುದು? ನನಗೆ ಬರುವುದು ಒಂದೇ. ಕಥೆ ಹೇಳಿದೆ. ಕಪ್ಪೆಯಾದ ಅರಸ, ಮಾತಾಡುವ ಒನಕೆ, ನೆರಳು ಕಳೆದುಕೊಂಡ ಸೊಸೆ, ಅಜ್ಜಿಯ ಕಣಜದಿಂದ ಒಂದೊಂದನ್ನೇ ತೆಗೆದೆ. ಗಾದಿಗೆ ಕಥೆ ತಿಳಿಯುತ್ತಿತ್ತೋ ಇಲ್ಲವೋ, ಅಜ್ಜಿಯ ಹಾಗೆಯೇ ಎಳೆದೆಳೆದು ಹೇಳುವ ಆ ರಾಗ ತಿಳಿಯುತ್ತಿತ್ತು. ಅದನ್ನು ಕೇಳಿಕೊಂಡೇ ಅವನು ಹತ್ತಿಯ ರಾಶಿಯ ಪಕ್ಕ ಮಲಗಿ ದೊಡ್ಡವನಾದದ್ದು. ಕಥೆಯ ಜೊತೆ ನಾನು ಕೂತಲ್ಲಿಂದ ಒಂದು ಮೆಟ್ಟಿಲು ಮೇಲಕ್ಕೆ ಸರಿಯುತ್ತಿದ್ದೆ. ದಾರ ಮುಗಿಯಿತು ಎಂದು ಸುಮ್ಮನಾಗುತ್ತಿದ್ದೆ. ಮುಂದೇನಾಯಿತು ಎನ್ನುವ ಹಾಗೆ ಅವನು ತಲೆಯೆತ್ತುತ್ತಿದ್ದ. ಮುಂದಿನ ಎರಡು ಕಾಲು ಮೇಲೆ ಬಂದವು. ಆಮೇಲೊಂದು ಸಂಜೆ ಹಿಂದಿನ ಎರಡೂ.

"ಅಯ್ಯೋ ನೋಡ್ರೀ, ನಾಯಿಗೆ ಪಾಠ ನಡೀತಿದೆ," ಎಂದಳು ಚಿಕ್ಕಮ್ಮ, ನಮ್ಮನ್ನು ದಾಟಿಕೊಂಡು ಹೋಗುತ್ತ. ಆದರೆ ಹಗುರಾಗಿ ಹೆಜ್ಜೆಯಿಟ್ಟು, ಸೀರೆ ಎತ್ತಿ ಹಿಡಿದು, ಗಾದಿಗೆ ತಾಗದ ಹಾಗೆ ದಾಟಿದಳು.

ಗಾದಿ ಅಂತೂ ಕೆಲವು ಮೆಟ್ಟಿಲು ಹತ್ತಿದ. ತಿರುವು ಇನ್ನು ಕೈಗೆಟುಕುವಷ್ಟು ದೂರದಲ್ಲಿತ್ತು. ಅವನ ಉಗುರುಗಳು ಮರದ ಮೇಲೆ ಕಟಕಟ ಎಂದವು. ಅಷ್ಟರಲ್ಲಿ ಮೇಲಿನಿಂದ ಕೋಲಿನ ಸದ್ದು ಬಂತು. ಟಕ್!

ಗಾದಿ ತಿರುಗಿದವನೇ ಒಂದೇ ಉಸಿರಿಗೆ ಕೆಳಗಿಳಿದು ಯಂತ್ರದ ಹಿಂದೆ ಸೇರಿದ.

ಮೇಲೆ ಹೋದರೆ ಅಜ್ಜಿಯ ಕಣ್ಣು ಮಿನುಗುತ್ತಿತ್ತು. "ಉಗುರಿನ ಸದ್ದು ಕೇಳಿಸ್ತು ಮಗಾ. ಬಾ ಅಂತ ಕರೆದೆ. ಬಂದ್ನಾ?"

"ನಾಳೆ ಬರ್ತಾನೆ ಅಜ್ಜಿ."

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಹತ್ತುವುದು, ತಿರುವಿನ ಹತ್ತಿರ ಬರುವುದು, ಮೇಲಿನಿಂದ ಕೋಲು, ಅವನು ಕೆಳಗೆ. ಚಿಕ್ಕಪ್ಪನಿಗೆ ರೋಸಿಹೋಯಿತು. "ಹೋಗೋ ದಡ್ಡಾ! ಅಮ್ಮ ಕರೀತಾ ಇದ್ದಾಳೆ, ಕೇಳಿಸಲ್ವಾ?" ಎಂದು ಹಿಂದಿನಿಂದ ತಳ್ಳಿದ. ಗಾದಿ ಅವನ ಕೈಯಡಿಯಿಂದ ನುಸುಳಿಕೊಂಡ. ಮೇಲೆ ಅಜ್ಜಿ ಇನ್ನೂ ಜೋರಾಗಿ ಕುಟ್ಟಿದಳು. ಅಷ್ಟು ಕುಟ್ಟುವ ಶಕ್ತಿ ಅವಳಲ್ಲಿ ಎಲ್ಲಿತ್ತೋ!

ಆಗ ಮೊದಲ ಸಲ ನಾನು ಕಾಲು ಬಿಟ್ಟು ಕಿವಿ ನೋಡಿದೆ. ಪ್ರತಿ ಟಕ್ ಎಂಬ ಸದ್ದಿಗೂ ಗಾದಿಯ ಕಿವಿಗಳು ಹಿಂದಕ್ಕೆ ಮಡಚಿಕೊಂಡು ತಲೆಗೆ ಅಂಟುತ್ತಿದ್ದವು. ಬಾಲ ನೆಲಕ್ಕೆ ಇಳಿಯುತ್ತಿತ್ತು. ಯಂತ್ರದ ಹಿಂದೆ ಅಡಗಿದ್ದರೂ ಇನ್ನೊಂದು ಕುಟ್ಟು ಕೇಳಿದೊಡನೆ ಅವನು ಇನ್ನಷ್ಟು ಹಿಂದಕ್ಕೆ ಸರಿದ. ಅದು ಹೆದರಿದ ನಾಯಿಯ ಮುಖವಾಗಿರಲಿಲ್ಲ. ತಪ್ಪಾಯಿತು, ಹೋಗುತ್ತೇನೆ, ಹೋಗುತ್ತಿದ್ದೇನೆ ಎನ್ನುವ ಮುಖ.

ನನ್ನ ಹೆಬ್ಬೆರಳಿಗೆ ಆ ಕುಳಿಯ ನೆನಪಾಯಿತು.

ದಿನವೂ ಸಂಜೆ ಅಜ್ಜಿ ಕೋಲೂರಿಕೊಂಡು ಮೆಟ್ಟಿಲ ಬಳಿ ಬರುತ್ತಿದ್ದಳು. ಹತ್ತುವ ಮುನ್ನ ಕೆಳಗಿನ ಹಲಗೆಯ ಬಲಮೂಲೆಗೆ ಒಮ್ಮೆ, ಒಂದೇ ಒಮ್ಮೆ, ಕೋಲಿನಿಂದ ಕುಟ್ಟುತ್ತಿದ್ದಳು. ಕೋಲಿಗೆ ಅಂಟಿದ ಹತ್ತಿ ಉದುರಿಸುತ್ತಾಳೆಂದು ನಾವೆಲ್ಲ ಅಂದುಕೊಂಡಿದ್ದೆವು. ಕುಟ್ಟಿದಾಗ ಹಿಂದೆಯೇ ಬರುತ್ತಿದ್ದ ಗಾದಿ ನಿಂತುಬಿಡುತ್ತಿದ್ದ. ಅವಳು ಹತ್ತಿ ಹೋಗುತ್ತಿದ್ದಳು. ಅದು ಎಷ್ಟು ವರ್ಷಗಳ ಮಾತೆಂದರೆ ನಮ್ಮ ಕಣ್ಣಿಗೆ ಅದು ಕಾಣುವುದೇ ನಿಂತುಹೋಗಿತ್ತು.

ಅವನು ಮೆಟ್ಟಿಲಿಗೆ ಹೆದರುತ್ತಿರಲಿಲ್ಲ. ಅಜ್ಜಿಯ ಮಾತನ್ನು ಮೀರಲು ಹೆದರುತ್ತಿದ್ದ.

ಹೇಳಲೋ ಬೇಡವೋ ಎಂದು ನಾನು ಅವಳ ಕೋಣೆಯ ಬಾಗಿಲಲ್ಲೇ ನಿಂತೆ. ಕಿಟಕಿಯ ಬೆಳಕು ಅವಳ ಕೈಯ ಮೇಲೆ ಬಿದ್ದಿತ್ತು. ಕೋಲಿನ ಮೇಲೆ ಮಡಿಚಿದ ಆ ಬೆರಳುಗಳೂ ಕೋಲೂ ಒಂದೇ ಮರದವು ಎನ್ನುವಂತಿದ್ದವು. ಮುಟ್ಟುವಷ್ಟು ದೂರದಲ್ಲಿದ್ದವನನ್ನು ಅವಳೇ ದಿನವೂ ಓಡಿಸುತ್ತಿದ್ದಳೆಂದು ಹೇಳುವುದು ಹೇಗೆ? ಹೇಳದಿದ್ದರೆ ಕೊಟ್ಟ ಮಾತು ಉಳಿಯುವುದು ಹೇಗೆ?

"ನಿನ್ನ ಮುಖ ಯಾಕೆ ಹಿಂಜಿದ ಹತ್ತಿ ಥರ ಇದೆ?" ಎಂದಳು. "ಹೇಳು."

ಹೇಳಿದೆ.

ಅವಳು ಕೈಯಲ್ಲಿದ್ದ ಕೋಲನ್ನೇ ನೋಡಿದಳು. ಉಸಿರಿನ ಸದ್ದು ಮಾತ್ರ, ಹರಿದ ಬಟ್ಟೆಯೊಳಗೆ ಗಾಳಿ ಹೋಗಿ ಬರುವ ಹಾಗೆ.

"ಕರೀತಿದ್ದೀನಿ ಅಂದ್ಕೊಂಡಿದ್ದೆ," ಎಂದಳು.

ನಾನು ಅವಳ ಕಾಲ ಬಳಿ ಕೂತೆ.

"ಮರಿ ಆಗಿದ್ದಾಗ ಒಂದ್ಸಲ ಮೇಲೆ ಬಂದಿದ್ದ. ಯಾರದ್ದೋ ಹೊಸಾ ರಜಾಯಿ, ಹಾಲಿನ ಬಣ್ಣದ್ದು, ಈ ಮಂಚದ ಮೇಲೇ ಹಾಸಿತ್ತು. ಕೆಸರು ಕಾಲಲ್ಲಿ ಓಡಾಡಿ ಅದರ ನಡೂಮಧ್ಯೆ ಮಲಗಿದ್ದ. ಎಷ್ಟು ದಿನದ ಕೆಲಸ ಅದು..." ಉಸಿರು ತೆಗೆದುಕೊಂಡಳು. "ಎತ್ಕೊಂಡು ಹೋಗಿ ಕೆಳಗೆ ಬಿಟ್ಟೆ. ಕೋಲಿಂದ ಮೆಟ್ಟಿಲು ಕುಟ್ಟಿ, ಇಲ್ಲಿಂದ ಮೇಲೆ ನಿಂದಲ್ಲ ಅಂದೆ. ಒಂದೇ ಸಲ ಹೇಳಿದ್ದು. ಆಮೇಲೆ ಕುಟ್ಟಿದ್ದೆಲ್ಲ ಅಭ್ಯಾಸ."

"ನೀನು ಅವನ್ನ ಹೊಡೀಲಿಲ್ವಲ್ಲ ಅಜ್ಜಿ."

"ಹೊಡೆದಿದ್ರೆ ಮರೀತಿದ್ದ," ಎಂದಳು ಅಜ್ಜಿ. "ಹೇಳಿದೆ ನೋಡು, ಅದಕ್ಕೇ ಕೇಳ್ದ."

ಕಣ್ಣಿನ ಮೂಲೆಯಿಂದ ಒಂದು ಹನಿ ಕಿವಿಯ ಕಡೆ ಹರಿಯಿತು. ಒರೆಸಿಕೊಳ್ಳಲು ಅವಳು ಕೋಲು ಬಿಡಲಿಲ್ಲ. ನಾನು ಒರೆಸಿದೆ.

ಅಂದಿನಿಂದ ಕುಟ್ಟುವುದು ನಿಂತಿತು. ಅಜ್ಜಿ ನಮ್ಮನ್ನು ಕರೆಯಲೆಂದು ಚಿಕ್ಕಮ್ಮ ಮಂಚದ ಪಕ್ಕದಲ್ಲಿ ಒಂದು ಲೋಟ, ಒಂದು ಚಮಚ ಇಟ್ಟಳು. ಗಾದಿ ಹತ್ತಿದ. ಯಾವ ಸದ್ದೂ ಬರಲಿಲ್ಲ. ತಿರುವು ಮುಟ್ಟಿದ. ನಾನು ಮೇಲಿನ ಮೆಟ್ಟಿಲಲ್ಲಿ ಕೂತು ಕರೆದೆ. ಅವನು ತಿರುವಿನಲ್ಲಿ ಕೂತ, ಮೇಲಕ್ಕೆ ನೋಡಿದ, ಕಿವಿಗಳನ್ನು ಅರ್ಧ ಮಡಿಸಿ ಕಾದ. ಬರಬೇಕಾದ ಕೋಲಿನ ಸದ್ದಿಗಾಗಿ ಕಾಯುತ್ತಿದ್ದ. ಅದು ಬಾರದಿದ್ದರೂ ಅವನ ಮಟ್ಟಿಗೆ ಮಾತು ಮಾತೇ. ಕತ್ತಲಾಗುವ ಹೊತ್ತಿಗೆ ತಾನಾಗಿ ಎದ್ದು ಕೆಳಗಿಳಿದ.

ಬೇಡವೆನ್ನುವುದನ್ನು ನಿಲ್ಲಿಸಿದರೆ ಸಾಲದು, ಬಾ ಎನ್ನಬೇಕು. ಅಜ್ಜಿಯ ಕಥೆಗಳಲ್ಲಿ ಕಟ್ಟು ಹಾಕಿದವರೇ ಬಂದು ಅದನ್ನು ಬಿಚ್ಚಬೇಕು; ರಾಜಕುಮಾರಿ ಎಷ್ಟು ಅತ್ತರೂ ಕಲ್ಲು ಕಲ್ಲಾಗಿಯೇ ಇರುತ್ತದೆ. ಬಿಚ್ಚುವ ಮಾತು ಯಾವುದೆಂದು ನನಗೆ ತಿಳಿಯದೆ ಅವಳನ್ನೇ ಕೇಳಿದೆ.

ಅಂದು ಅವಳಿಗೆ ಬೆಳಿಗ್ಗೆಯಿಂದ ಮಾತೇ ಇರಲಿಲ್ಲ. ಡಾಕ್ಟರು ಬಂದು, ಕೈ ಹಿಡಿದು ನೋಡಿ, ಹೊಸ ಔಷಧಿ ಬರೆಯದೆಯೇ ಹೋಗಿದ್ದರು. ನನ್ನ ಮಾತು ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಅವಳು ಕಣ್ಣು ತೆರೆದಳು.

"ಕೆಲಸ ಮುಗಿದ್ಮೇಲೆ ನಾನೇನ್ ಮಾಡ್ತಿದ್ದೆ?"

ಅಂಗಡಿಯಲ್ಲಿ ಅದಕ್ಕೊಂದು ಮಾತಿದೆ: ಕೋಲು ಮಲಗಿಸುವುದು. ಬಡಿಯುವ ಕೋಲು ಗೋಡೆಗೆ ಒರಗಿ ನಿಂತಿದ್ದರೆ ಕೆಲಸ ಬಾಕಿ ಇದೆ ಎಂದು ಅರ್ಥ. ಯಾರೂ ಏಳುವಂತಿಲ್ಲ, ಗಾದಿಯೂ ತನ್ನ ಮೂಲೆ ಬಿಟ್ಟು ಮೇಜಿನ ಹತ್ತಿರ ಬರುವಂತಿಲ್ಲ. ಸಂಜೆ ಅಜ್ಜಿ ಕೋಲನ್ನು ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿ, "ಮಲಗ್ತು," ಎನ್ನುತ್ತಿದ್ದಳು. ಅದೇ ಕ್ಷಣಕ್ಕೆ ಗಾದಿ ಮೈ ಝಾಡಿಸಿ ಎದ್ದು, ನೇರ ಬಂದು, ಅವಳ ತೊಡೆಯ ಮೇಲೆ ತಲೆ ಇಡುತ್ತಿದ್ದ. ಅವಳು ಅವನ ಕಿವಿಯಿಂದ ಹತ್ತಿಯ ಎಳೆ ಹೆಕ್ಕುತ್ತಿದ್ದಳು. ಎಷ್ಟೋ ಹೊತ್ತಾದ ಮೇಲೆ ಅದೇ ಕೋಲೆತ್ತಿಕೊಂಡು ಮೆಟ್ಟಿಲ ಕಡೆ ನಡೆಯುತ್ತಿದ್ದಳು.

"ನಾನು ಹೋಗಿ ಅವನೆದುರಿಗೆ ಮಲಗಿಸ್ಲಾ?" ಎಂದು ಕೈ ಚಾಚಿದೆ.

ಅವಳು ಕೋಲು ಕೊಡಲಿಲ್ಲ. "ನೀನು ಮಲಗಿಸಿದ್ರೆ ಅದು ನಿನ್ನ ಕೋಲು. ನನ್ನ ಮೆಟ್ಟಿಲ ಕಡೆ ತಿರುಗಿಸಿ."

ಮಂಚ ತಿರುಗಿಸುವುದೆಂದರೆ ಅವಳನ್ನು ಅಲುಗಿಸಿದ ಹಾಗೆ. ಕರೆದೊಡನೆ ಇಬ್ಬರೂ ಬಂದರು; ಚಿಕ್ಕಪ್ಪ ಚಿಕ್ಕಮ್ಮನ ಮುಖ ನೋಡಿದ. ಅವಳು ಅಜ್ಜಿಯ ತಲೆಯ ಹಿಂದೆ ದಿಂಬುಗಳನ್ನು ಸರಿಪಡಿಸಿ, ತುಟಿ ಕಚ್ಚಿ, "ನಿಧಾನಕ್ಕೆ ಎತ್ರೀ. ಸದ್ದಾಗ್ಬಾರ್ದು," ಎಂದಳು. ಮೂವರೂ ಸೇರಿ ಮಂಚವನ್ನು ಇಂಚಿಂಚಾಗಿ ಬಾಗಿಲ ಕಡೆಗೆ ತಿರುಗಿಸಿದೆವು. ಈಗ ಬಾಗಿಲಾಚೆ ಮೆಟ್ಟಿಲ ತಿರುವು ಕಾಣುತ್ತಿತ್ತು. ತಿರುವಿನಲ್ಲಿ ಕೂತವನಿಗೆ ಮಂಚವೂ ಕಾಣುತ್ತಿತ್ತು.

ಚಿಕ್ಕಮ್ಮ ಒಗೆದ ದುಪ್ಪಟಿಯೊಂದನ್ನು ತಂದು ಮಂಚದ ಪಕ್ಕದ ನೆಲಕ್ಕೆ ಹಾಸಿದಳು. ನಾನು ನೋಡಿದ್ದಕ್ಕೆ, "ಏನು ನೋಡ್ತೀಯ? ಕೂದಲು ಬಿದ್ರೆ ಇದರ ಮೇಲೆ ಬೀಳ್ಲಿ ಅಂತ," ಎಂದಳು. ದನಿ ಮಾತ್ರ ಅವಳದ್ದಾಗಿರಲಿಲ್ಲ.

ಕೆಳಗೆ ಯಂತ್ರ ನಿಂತಿತು. ದಿನದ ಕೆಲಸ ಮುಗಿಯುವ ಹೊತ್ತು. ಕಿಟಕಿಯ ಬೆಳಕು ಕೆಂಪಗಾಗಿತ್ತು. ನಾನು ಗಾದಿಯ ಬಳಿ ಹೋಗಿ ಕೂತು, ಹೊಸ ಕಥೆ ಎತ್ತಿಕೊಂಡೆ. ಒಂದು ಮನೆ ಇತ್ತಂತೆ, ಮೇಲೆ ಒಬ್ಬ ಮುದಿ ರಾಣಿ, ಕೆಳಗೊಂದು ಕರಡಿ. ಗಾದಿ ಒಂದು ಮೆಟ್ಟಿಲು ಹತ್ತಿದ. ರಾಣಿಗೆ ಒಂದು ದಿನ ಸಿಟ್ಟು ಬಂತಂತೆ. ಮತ್ತೊಂದು. ಸಿಟ್ಟು ಅವತ್ತೇ ಇಳಿಯಿತಂತೆ, ಆದರೆ ಹಾಗಂತ ಕರಡಿಗೆ ಹೇಳುವುದನ್ನೇ ಅವಳು ಮರೆತಳಂತೆ. ತಿರುವು ಬಂತು. ಗಾದಿ ಕೂತ. ಕಿವಿಗಳನ್ನು ಅರ್ಧ ಮಡಿಸಿ ಮೇಲೆ ನೋಡಿದ. ನಾನು ಕಥೆ ನಿಲ್ಲಿಸಿ ಗೋಡೆಗೆ ಸರಿದು ದಾರಿ ಬಿಟ್ಟೆ.

ಮಂಚದ ಮೇಲೆ ಅಜ್ಜಿಯ ಕೈ ಎದ್ದಿತು. ಕೋಲಿನ ತುದಿ ಗಾಳಿಯಲ್ಲಿ ನಡುಗಿತು. ಗಾದಿಯ ಕಿವಿಗಳು ಪೂರ್ತಿ ಮಡಚಿಕೊಂಡವು. ಹಿಂಗಾಲು ಒಂದು ಮೆಟ್ಟಿಲು ಕೆಳಕ್ಕೆ ಇಳಿಯಿತು. ಕೋಲು ಜಾರಿ ಬಿದ್ದು ಸದ್ದಾದರೆ ಎಲ್ಲ ಮುಗಿಯುತ್ತದೆಂದು ನನಗೆ ತಿಳಿದಿತ್ತು. ಚಿಕ್ಕಪ್ಪ ಸಹಾಯಕ್ಕೆಂದು ಒಂದು ಹೆಜ್ಜೆ ಮುಂದಿಟ್ಟ. ಚಿಕ್ಕಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು.

ಅಜ್ಜಿ ಕೋಲನ್ನು ತನ್ನ ಎದೆಯ ಮೇಲೆ ಅಡ್ಡಕ್ಕೆ ತಂದುಕೊಂಡಳು. ಸುಧಾರಿಸಿಕೊಂಡಳು. ಆಮೇಲೆ ಮೈಯನ್ನು ಅಂಚಿಗೆ ವಾಲಿಸಿ, ತೋಳು ಇಳಿಬಿಟ್ಟು, ಮೊದಲು ಹಿಡಿ, ಆಮೇಲೆ ತುದಿ, ನೆಲಕ್ಕೆ ತಾಗಿಸಿದಳು. ಸದ್ದೇ ಆಗಲಿಲ್ಲ. ನಿದ್ದೆ ಹೋದ ಮಗುವನ್ನು ಇಳಿಸುವ ಹಾಗೆ ಇಳಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಖಾಲಿ ಕೈ ಮಂಚದ ಅಂಚಿನಿಂದ ಇಳಿಬಿದ್ದಿತು.

"ಮಲಗ್ತು," ಎಂದಳು.

ಅದು ಮಾತೆನ್ನುವುದಕ್ಕಿಂತ ಬರಿಯ ಉಸಿರು. ಪಕ್ಕದಲ್ಲಿದ್ದ ಚಿಕ್ಕಮ್ಮನಿಗೂ ಕೇಳಿಸಲಿಲ್ಲವಂತೆ.

ಗಾದಿಯ ಕಿವಿಗಳು ಎದ್ದವು.

ಅವನು ಮೈ ಝಾಡಿಸಿದ. ತಲೆಯಿಂದ ಬಾಲದವರೆಗೆ, ದಿನವೂ ಸಂಜೆ ಮಾಡುತ್ತಿದ್ದ ಹಾಗೆಯೇ. ಹತ್ತಿಯ ನವಿರು ಮೆಟ್ಟಿಲ ಮೇಲೆಲ್ಲ ಹಾರಿ ಕೆಂಪು ಬೆಳಕಿನಲ್ಲಿ ತೇಲಿತು. ಕೆಳಗಿಟ್ಟಿದ್ದ ಹಿಂಗಾಲನ್ನು ಮೇಲಕ್ಕೆ ತಂದುಕೊಂಡ. ತಿರುವು ದಾಟಿದ. ಉಳಿದ ಮೆಟ್ಟಿಲುಗಳನ್ನು ಅವಸರವಿಲ್ಲದೆ, ಎಂದಿನಿಂದಲೋ ಹತ್ತುತ್ತಿದ್ದವನ ಹಾಗೆ ಹತ್ತಿದ. ಬಾಗಿಲಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ಮಲಗಿದ್ದ ಕೋಲನ್ನು ತುಳಿಯದೆ ದಾಟಿ, ದುಪ್ಪಟಿಯ ಮೇಲೆ ಕೂತು, ತನ್ನ ಭಾರವಾದ ತಲೆಯನ್ನು ಆ ಖಾಲಿ ಕೈಯ ಕೆಳಗೆ ತೂರಿಸಿ ಮೇಲಕ್ಕೆತ್ತಿಕೊಂಡ.

ಅಜ್ಜಿ ಕಣ್ಣು ತೆರೆಯಲಿಲ್ಲ. ಅವಳ ಬೆರಳುಗಳು ಮಾತ್ರ ಹುಡುಕುತ್ತ ಹೋಗಿ, ಅವನ ಎಡಗಿವಿಯ ಮಡಿಕೆಯಲ್ಲಿ ಸಿಕ್ಕಿದ್ದ ಒಂದು ಎಳೆ ಹತ್ತಿಯನ್ನು ಹೆಕ್ಕಿ ತೆಗೆದವು.